ಮಾಲ್‌ನ ಒಂದನೇ ಮರ

ಟೋಮಿ ಕುವೈತಿನ ಮಾಲ್ ಒಂದಕ್ಕೆ ಸೂಪರ್‌ವೈಸರ್ ಆಗಿ ನೇಮಕಗೊಂಡದ್ದು ಪುತ್ತೂರಿನಲ್ಲಿ. ಮಧ್ಯಾಹ್ನದ ಊಟದ ಸಾಲಿನಲ್ಲಿ, ಖಾಲಿ ಪ್ಲೇಟು ಹಿಡಿದು ನಿಂತಿದ್ದಾಗ. ನೇಮಕ ಮಾಡಿದವನೂ ಅವನೇ.

ಎರಡು ವರ್ಷದ ಹಿಂದಿನ ಮಾತು. ರಜೆಯಲ್ಲಿ ಊರಿಗೆ ಬಂದವನು ಕಾಲೇಜಿನ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಹೋಗಿದ್ದ. ಅವನು ಬಿ.ಎ. ಓದುವಾಗ ಕಾಲೇಜ್ ಡೇ ಎಂದರೆ ಟೋಮಿ, ಟೋಮಿ ಎಂದರೆ ಮಿಮಿಕ್ರಿ. ಪ್ರಿನ್ಸಿಪಾಲರ ಕೆಮ್ಮು, ಕಡಬ ರೂಟಿನ ಕಂಡಕ್ಟರನ ಸೀಟಿ, ಕ್ಯಾಂಟೀನಿನ ಗ್ರೈಂಡರ್, ಎಲ್ಲವೂ ಅವನ ಗಂಟಲಲ್ಲಿ ಬಿಡಾರ ಹೂಡಿದ್ದವು. ಸ್ವಂತ ಸ್ವರಕ್ಕೆ ಮಾತ್ರ ಅಲ್ಲಿ ಜಾಗ ಸ್ವಲ್ಪ ಇಕ್ಕಟ್ಟು. ಊಟದ ಸಾಲಿನಲ್ಲಿ ಅವನ ಮುಂದಿದ್ದವನು ಭವಿತ್. ಕಲ್ಲುಗುಂಡಿಯವನು, ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತವನು.

"ಕುವೈತಲ್ಲಿ ನಿಂದು ಎಂತ ಕೆಲಸ ಮಾರಾಯ?" ಎಂದು ಕೇಳಿದ ಭವಿತ್.

ನಿಜ ಹೇಳುವುದೇನೂ ಕಷ್ಟವಿರಲಿಲ್ಲ. ಹೆಂಡತಿ ಜೋಳಿ ಅಲ್ಲಿ ನರ್ಸು. ಟೋಮಿ ಫ್ಯಾಮಿಲಿ ವೀಸಾದವನು. ಅಂದರೆ ಉಣ್ಣಬಹುದು, ಉಡಬಹುದು, ದುಡಿಯುವ ಹಾಗಿಲ್ಲ. ಬೆಳಿಗ್ಗೆ ಇಬ್ಬರು ಮಕ್ಕಳನ್ನು ಮೀಯಿಸಿ, ದೋಸೆ ತಿನ್ನಿಸಿ, ಶಾಲೆಯ ಬಸ್ಸು ಹತ್ತಿಸುವುದು. ಮಧ್ಯಾಹ್ನ ಬಸ್ಸಿನಿಂದ ಇಳಿಸುವುದು. ಸಂಜೆ ಅವರನ್ನು ಮಾಲ್‌ಗೆ ಕರೆದೊಯ್ದು ನಡೆಸುವುದು. ಇಷ್ಟನ್ನು ಹೇಳಿ ಮುಗಿಸಲು ಗೋಬಿ ಮಂಚೂರಿಯ ಪಾತ್ರೆಯವರೆಗೆ ಧಾರಾಳ ಸಮಯವಿತ್ತು. ಆದರೆ ಬಾಯಿ ತೆರೆದಾಗ ಹೊರಟದ್ದು ಯಾವುದೋ ಕೋಟು ತೊಟ್ಟ ಮನುಷ್ಯನ ಗಡಸು ಸ್ವರ:

"ಮಾಲಲ್ಲಿ. ಸೂಪರ್‌ವೈಸರ್."

ಸುಳ್ಳು ಸುಳ್ಯ ದಾಟುವಷ್ಟರಲ್ಲಿ ಮ್ಯಾನೇಜರ್ ಆಗಿತ್ತು. ಇತ್ತ ಕಡಬದ ಕಡೆಗೆ ಹೊರಟ ಇನ್ನೊಂದು ಕವಲು, ಟೋಮಿಗಿಂತ ಮೊದಲೇ ಬಸ್ಸು ಹತ್ತಿ ಅವನ ಊರಾದ ಪೆರಾಬೆಯಲ್ಲಿ ಇಳಿದಿತ್ತು. ಭಾನುವಾರ ಇಗರ್ಜಿಯ ಅಂಗಳದಲ್ಲಿ "ಟೋಮಿ ಇನ್ನೂ ಮನೆಯಲ್ಲೇ ಅಲ್ವಾ?" ಎಂದು ನಗುತ್ತಿದ್ದವರು ಅಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಚಾಚನ್, ಅಂದರೆ ಟೋಮಿಯ ಅಪ್ಪ, ಮಗನನ್ನು ಏನೂ ಕೇಳಲಿಲ್ಲ. ಆದರೆ ಬಂದವರಿಗೆಲ್ಲ "ಇವ ನನ್ನ ಮಗ, ಅಲ್ಲಿ ದೊಡ್ಡ ಮಾಲಲ್ಲಿ" ಎಂದು ಪರಿಚಯ ಮಾಡಿಸತೊಡಗಿದರು. ಮಗ ಹೆಂಡತಿಯ ದುಡಿಮೆಯಲ್ಲಿ ಕೂತಿದ್ದಾನೆ ಎಂಬ ಮಾತಿಗೆ ಎರಡು ವರ್ಷದಿಂದ ಬಗ್ಗಿದ್ದ ಅವರ ಕತ್ತು ಅಂದು ನೆಟ್ಟಗಾದದ್ದನ್ನು ಟೋಮಿ ಕಣ್ಣಾರೆ ಕಂಡ. ಆಮೇಲೆ ಆ ಕತ್ತನ್ನು ಮತ್ತೆ ಬಗ್ಗಿಸುವ ಧೈರ್ಯ ಅವನಿಗೆ ಬರಲಿಲ್ಲ. ಕುವೈತಿಗೆ ಮರಳುವಾಗ ಸೂಟ್‌ಕೇಸಿನಲ್ಲಿ ಹಲಸಿನ ಹಪ್ಪಳ, ಮನಸ್ಸಿನಲ್ಲಿ ಸೂಪರ್‌ವೈಸರ್ ಹುದ್ದೆ, ಎರಡನ್ನೂ ಜೋಪಾನವಾಗಿ ಒಯ್ದ.

ಮಾಲ್‌ಗೆ ಅವನು ದಿನಾ ಹೋಗುತ್ತಿದ್ದದ್ದಂತೂ ನಿಜ. ಹೋಗದೆ ಗತಿಯಿರಲಿಲ್ಲ. ಹೊರಗೆ ಐವತ್ತು ಡಿಗ್ರಿ ಬಿಸಿಲು. ಒಳಗೆ ಆರನೇ ಮಹಡಿಯ ಎರಡು ಕೋಣೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಜೋಳಿ, ಸೋಫಾದಿಂದ ಸೋಫಾಕ್ಕೆ ಹಾರುವ ಒಂಬತ್ತರ ಬಿಬಿನ್, ಹಾರಲು ಆಗದ್ದಕ್ಕೆ ಕಿರುಚುವ ಐದರ ಎಲ್ಸಾ. ಸಂಜೆ ನಾಲ್ಕಕ್ಕೆ ಇಬ್ಬರನ್ನೂ ಹೊರಡಿಸಿ ಮಾಲ್‌ನ ತಂಪಿಗೆ ಬಿಟ್ಟರೆ ಎಂಟರವರೆಗೆ ಎಲ್ಲರಿಗೂ ಕ್ಷೇಮ. ಅಲ್ಲಿ ಮಾಲು ಕೊಳ್ಳುವವರು ಬೇರೆ, ಕಾಲು ಬಳಸುವವರು ಬೇರೆ. ಟೋಮಿಯದು ಎರಡನೇ ಪಂಗಡ.

ಮಾಲ್‌ನಲ್ಲಿ ಮಾತಾಡುವ ಭಾಷೆ ಕನ್ನಡ. ಮನೆಯಲ್ಲಿ ಮಲಯಾಳ, ಆದರೆ ಆ ಮಾಲ್‌ನಲ್ಲಿ ಮಲಯಾಳದಲ್ಲಿ "ಅದೆಲ್ಲ ಬೇಡ, ನಮ್ಮಿಂದ ಆಗುದಿಲ್ಲ" ಎಂದರೆ ಸುತ್ತಲಿನ ನಾಲ್ಕು ಮಲಯಾಳಿಗಳು ತಿರುಗಿ ನೋಡುತ್ತಿದ್ದರು. ಹಾಗಾಗಿ ಕಡಬದ ಕನ್ನಡ ಅವರ ಗುಟ್ಟಿನ ಭಾಷೆಯಾಯಿತು. ಎಸ್ಕಲೇಟರ್ ಹತ್ತುವಾಗ ಟೋಮಿ ಕಂಡಕ್ಟರನ ಸ್ವರದಲ್ಲಿ, "ಕಡಬ, ಪೆರಾಬೆ, ಆಲಂಕಾರು! ಮುಂದೆ ಹೋಗಿ, ಮುಂದೆ ಜಾಗ ಉಂಟು!" ಎಂದು ಕೂಗಿ "ರೈಟ್" ಎಂದ ಮೇಲೆಯೇ ಮಕ್ಕಳು ಮೆಟ್ಟಿಲ ಮೇಲೆ ಕಾಲಿಡುತ್ತಿದ್ದರು.

ನಡೆಯುವುದಕ್ಕೂ ಒಂದು ಕ್ರಮವಿತ್ತು. ಮದುವೆಗೆ ಮೊದಲು ಟೋಮಿ ಚಾಚನ್‌ನ ಮುನ್ನೂರು ರಬ್ಬರ್ ಮರಗಳನ್ನು ತಾನೇ ಟ್ಯಾಪಿಂಗ್ ಮಾಡುತ್ತಿದ್ದವನು. ಟ್ಯಾಪಿಂಗ್ ಮಾಡುವವನ ದಾರಿ ಎಂದೂ ಬದಲಾಗುವುದಿಲ್ಲ. ಒಂದನೇ ಮರದಿಂದ ಶುರುಮಾಡಿ ಮುನ್ನೂರನೇ ಮರದವರೆಗೆ ಸಿಪ್ಪೆ ಗೀರುತ್ತಾ ಹೋಗಬೇಕು. ಆಮೇಲೆ ಕೂತು ಚಾ ಕುಡಿದು, ಬಕೆಟ್ ಹಿಡಿದು ಮತ್ತೆ ಒಂದನೇ ಮರಕ್ಕೇ ಬರಬೇಕು. ಮೊದಲು ಗೀರಿದ ಮರದ ಹಾಲು ಮೊದಲು ನಿಲ್ಲುತ್ತದೆ, ಅದಕ್ಕೆ ಕಟ್ಟಿದ ಗೆರಟೆಯ ಹಾಲನ್ನೇ ಮೊದಲು ಎತ್ತಬೇಕು. ಉಲ್ಟಾ ಹೋದವನ ಬಕೆಟಿಗೆ ಅರ್ಧ ಹಾಲು, ಉಳಿದರ್ಧ ನೆಲಕ್ಕೆ.

ಟೋಮಿ ಮಾಲ್‌ನಲ್ಲೂ ಇಪ್ಪತ್ತೆರಡು ಮರ ಗುರುತು ಮಾಡಿದ್ದ. ಬಸ್ ಸ್ಟ್ಯಾಂಡಿಗೆ ಹತ್ತಿರದ ಹಿಂಬಾಗಿಲಿನ ಒಳಗೆ ಒಂದು ಪ್ಲಾಸ್ಟಿಕ್ ಖರ್ಜೂರದ ಮರವಿತ್ತು. ಅದೇ ಒಂದನೇ ಮರ. ಎರಡನೆಯದು ಅತ್ತರಿನ ಅಂಗಡಿ, ಅಲ್ಲಿ ಅಂಗೈಗೆ ಪುಕ್ಕಟೆ ಒಂದು ತೊಟ್ಟು. ಒಂಬತ್ತನೆಯದು ಗಿಳಿಗಳ ಅಂಗಡಿ, ಹತ್ತನೆಯದು ಆಟಿಕೆಯ ಅಂಗಡಿ, ನೋಡಲಿಕ್ಕೆ ಮಾತ್ರ. ಇಪ್ಪತ್ತೆರಡನೆಯದು ಮೂರನೇ ಮಹಡಿಯ ಊಟದ ಜಾಗದ ಕೊನೆಯ ಮೇಜು. ಅಲ್ಲಿ ಕೂತು, ಬ್ಯಾಗಿನೊಳಗೇ ಡಬ್ಬಿ ತೆರೆದು, ಮನೆಯಿಂದ ತಂದ ಚಪಾತಿಯನ್ನು ಕದ್ದು ತಿನ್ನುವುದು. ಆಮೇಲೆ ಮತ್ತೆ ಒಂದನೇ ಮರಕ್ಕೆ ಬಂದು ಎರಡನೇ ಸುತ್ತು. ಅದಕ್ಕೆ ಮಕ್ಕಳು "ಹಾಲು ಎತ್ತುದು" ಎನ್ನುತ್ತಿದ್ದರು. ಮೊದಲ ಸುತ್ತಿನಲ್ಲಿ ಆಸೆಪಟ್ಟು ನೋಡಿದ್ದನ್ನು ಎರಡನೇ ಸುತ್ತಿನಲ್ಲಿ ನೋಡಿ, "ಇನ್ನೂ ಬೇಕಾ?" ಎಂದು ಕೇಳಿಕೊಳ್ಳುವುದು. ಹೆಚ್ಚಿನವು ಅಷ್ಟರೊಳಗೆ ಬೇಡವಾಗಿರುತ್ತಿದ್ದವು. ಮನೆಯ ನೆಮ್ಮದಿ ಈ ಎರಡನೇ ಸುತ್ತಿನ ಮೇಲೆ ನಿಂತಿದೆ ಎಂದು ಜೋಳಿ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಬುಧವಾರ ಫೋನು ಬಂತು. ಕುವೈತಿನದೇ ನಂಬರು.

"ಟೋಮೀ, ನಾನು ಭವಿತ್. ಇಲ್ಲೇ ಇದ್ದೇನೆ ಮಾರಾಯ, ಬಂದು ಹತ್ತು ದಿವಸ ಆಯ್ತು. ಶುಕ್ರವಾರ ನಿನ್ನ ಮಾಲಿಗೆ ಬರ್ತೇನೆ. ಒಬ್ಬನ ಕೆಲಸದ ವಿಷಯ ಮಾತಾಡ್ಲಿಕ್ಕೆ ಉಂಟು."

"ಶುಕ್ರವಾರ ಭಾರಿ ರಶ್ಶು…" ಎಂದ ಟೋಮಿ.

"ಅದೇ ಬೇಕು. ನೀನು ಡ್ಯೂಟಿಯಲ್ಲಿ ಹೇಗೆ ಕಾಣ್ತಿ ಅಂತ ಒಂದು ಫೋಟೋ ತೆಗ್ದು ನಮ್ಮ ಕ್ಲಾಸಿನ ಗ್ರೂಪಿಗೆ ಹಾಕ್ಬೇಕು."

ಫೋನಿಟ್ಟ ಟೋಮಿಗೆ ಮೊದಲು ಕಂಡದ್ದು ಚಾಚನ್‌ನ ಕತ್ತು. ಎರಡನೆಯದಾಗಿ ಕಂಡದ್ದು ಕಪಾಟಿನಲ್ಲಿದ್ದ ಮದುವೆಯ ಕೋಟು.

ಕೋಟಿನ ಗುಂಡಿ ಹಾಕಬೇಕಾದರೆ ಉಸಿರು ಬಿಡುವ ಹಾಗಿರಲಿಲ್ಲ. ಹತ್ತು ವರ್ಷದಲ್ಲಿ ಹೊಟ್ಟೆಯೊಂದೇ ಬಡ್ತಿ ಪಡೆದಿತ್ತು. ಶುಕ್ರವಾರ ಮಧ್ಯಾಹ್ನ ಜೋಳಿ ಡ್ಯೂಟಿಗೆ ಹೋದ ಮೇಲೆ ಅದನ್ನು ತೊಟ್ಟು ಮಕ್ಕಳನ್ನು ಮುಂದೆ ಕೂರಿಸಿದ.

"ನೋಡಿ, ಇವತ್ತು ಒಬ್ಬ ಮಾಮ ಬರ್ತಾರೆ. ಅವರೆದುರು ನನ್ನನ್ನು ಪಪ್ಪಾ ಅಂತ ಕರೀಬಾರ್ದು. ಸರ್ ಅಂತ ಕರೀಬೇಕು. ಹತ್ತು ಹೆಜ್ಜೆ ಹಿಂದೆ ಬರ್ಬೇಕು."

"ಎಂತಕ್ಕೆ?" ಎಂದ ಬಿಬಿನ್.

"ಇವತ್ತೊಂದು ದಿವಸ ನಾನು ಮ್ಯಾನೇಜರ್."

"ಸುಳ್ಳು ಮ್ಯಾನೇಜರಾ?" ಎಂದು ಕೇಳಿದಳು ಎಲ್ಸಾ. ಅವಳಿಗೆ ಅದು ಆಟದ ನಿಯಮವಷ್ಟೇ.

"ಪ್ರಾಕ್ಟೀಸ್ ಮ್ಯಾನೇಜರ್," ಎಂದು ಟೋಮಿ ತಿದ್ದಿದ.

ಮ್ಯಾನೇಜರ್ ಹಿಂಬಾಗಿಲಿನಿಂದ, ಕಸದ ಡಬ್ಬಿಗಳ ಪಕ್ಕದಿಂದ ಒಳಗೆ ಬರುವುದುಂಟೇ? ಹಾಗಾಗಿ ಅಂದು ಅವರು ಮಾಲ್ ಸುತ್ತಿ ಮುಂಬಾಗಿಲಿಗೆ ಬಂದರು. ಅಲ್ಲಿನ ಸೆಕ್ಯುರಿಟಿ ಅಸ್ಕರ್, ಪುತ್ತೂರಿನವನು, ಟೋಮಿಗಿಂತ ಐದಾರು ವರ್ಷ ದೊಡ್ಡವನು. ಕೋಟು ನೋಡಿ ಅವನ ಕೈಯಲ್ಲಿದ್ದ ವಾಕಿಟಾಕಿ ಜಾರಿತು.

"ಎಂತ ಟೋಮಿ, ಯಾರ ಮದುವೆ?"

"ಅಸ್ಕರಾಕ, ಒಂದು ಉಪಕಾರ ಮಾಡ್ಬೇಕು. ಈಗ ನನ್ನ ಗೆಳೆಯ ಬರ್ತಾನೆ. ಅವನೆದುರು ನನಗೊಂದು ಸೆಲ್ಯೂಟ್ ಹೊಡೀಬೇಕು."

"ನಿನಗೆ ಬಿಸಿಲು ತಾಗಿದ್ದಾ?"

"ಒಂದೇ ಒಂದು. ಕಾಲು ಕೂಡಿಸಿ."

ಭವಿತ್ ಬಂದ. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ಕೂದಲು, ಕಂಕುಳಲ್ಲಿ ಒಂದು ಫೈಲು. ಅಸ್ಕರ್ ಹೊಡೆದ ಸೆಲ್ಯೂಟಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಟೋಮಿ ಗದ್ದವೆತ್ತಿ ಅದನ್ನು ಸ್ವೀಕರಿಸಿದ. ಹೀಗೆ ಸ್ವೀಕರಿಸುವುದು ಆ ಮಾಲ್‌ನ ನಿಜವಾದ ಮ್ಯಾನೇಜರಿನ ಪದ್ಧತಿ. ಅವನು ಲೆಬನಾನಿನವನು, ಬೂದು ಸೂಟಿನ ಎತ್ತರದ ಮನುಷ್ಯ. ಕೈಗಳನ್ನು ಹಿಂದೆ ಕಟ್ಟಿಕೊಂಡು ನಡೆಯುತ್ತಾನೆ, ಆಗಾಗ ಕಂಬಿಯ ಮೇಲೆ ಬೆರಳು ಸವರಿ, ಆ ಬೆರಳನ್ನು ತೀರಿಹೋದ ನೆಂಟನನ್ನು ನೋಡುವ ಹಾಗೆ ನೋಡುತ್ತಾನೆ. ದಿನಾ ಗುಡಿಸುವ, ಒರೆಸುವ ಹುಡುಗರೆದುರು ಟೋಮಿ ಇದನ್ನು ಮಾಡಿ ತೋರಿಸಿ ನಗಿಸುವುದಿತ್ತು. ಇಂದು ಅದನ್ನೇ ಗಂಭೀರವಾಗಿ ಮಾಡಿದ. ಕಂಬಿ ಸವರಿದ, ಬೆರಳು ನೋಡಿದ, ತಲೆಯಾಡಿಸಿದ. ಒರೆಸುತ್ತಿದ್ದವರು ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಚಪ್ಪಾಳೆ ತಟ್ಟಿದ.

"ಸ್ಟಾಫೆಲ್ಲ ಭಾರಿ ಖುಷಿಯಲ್ಲಿ ಉಂಟಲ್ಲ ಮಾರಾಯ," ಎಂದ ಭವಿತ್.

"ಪ್ರೀತಿಯಿಂದ ಕೆಲಸ ತೆಗೀಬೇಕು," ಎಂದ ಟೋಮಿ, ಉಸಿರು ಬಿಡದೆ. ಗುಂಡಿಯ ಭಯ.

"ಇವರು ನಿನ್ನ ಮಕ್ಕಳಾ?" ಭವಿತ್ ಬಗ್ಗಿ ಎಲ್ಸಾಳ ಕೆನ್ನೆ ತಟ್ಟಿದ. "ಪುಟ್ಟ, ಇದು ಯಾರು?"

ಎಲ್ಸಾ ಟೋಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸರ್," ಎಂದಳು.

"ಮಕ್ಕಳಿಗೂ ಸರ್ರಾ?"

"ಡ್ಯೂಟಿ ಟೈಮಲ್ಲಿ ಹಾಗೆ. ರೂಲ್ಸ್."

ಮುಂಬಾಗಿಲಿನ ಲಿಫ್ಟು ನೇರ ಮೂರನೇ ಮಹಡಿಗೆ ಹೋಗುತ್ತದೆ. ಹಾಗಾಗಿ ಪ್ರವಾಸ ಇಪ್ಪತ್ತೆರಡನೇ ಮರದಿಂದ ಶುರುವಾಯಿತು. ಟೋಮಿ ಅದನ್ನು ಗಮನಿಸಲೇ ಇಲ್ಲ. ಅವನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ: ಯಾವ ಅಂಗಡಿಯವ ಎದುರಾದರೆ ಯಾವ ಮುಖ ಹಾಕಬೇಕು ಎಂದು. ಅದೃಷ್ಟಕ್ಕೆ ಎದುರಾದವರೆಲ್ಲ ಅವನಿಗೆ ಕೈ ಬೀಸಿದರು. ನಾಲ್ಕು ವರ್ಷ ದಿನಾ ನೋಡಿದ ಮುಖವಲ್ಲವೇ. ಮಸಾಜ್ ಕುರ್ಚಿ ಮಾರುವವನಂತೂ ಎದ್ದು ನಿಂತು ಕುರ್ಚಿ ತೋರಿಸಿದ. ದಿನಾ ಎರಡು ನಿಮಿಷ ಪುಕ್ಕಟೆ ಕೂರುವ ಗಿರಾಕಿ ಎಂದು ಅವನು, ಮೇಲಧಿಕಾರಿಗೆ ಗೌರವ ಎಂದು ಭವಿತ್. ತನ್ನ ಸುಳ್ಳು ತನ್ನ ಸಹಾಯವಿಲ್ಲದೆಯೇ ನಡೆಯತೊಡಗಿದ್ದನ್ನು ಕಂಡು ಟೋಮಿಗೆ ಒಂದು ಕ್ಷಣ ತಾನು ನಿಜಕ್ಕೂ ಮ್ಯಾನೇಜರ್ ಇರಬಹುದೇನೋ ಎನಿಸಿತು. ಹಾಗೆ ಎನಿಸಿದ್ದಕ್ಕೆ ಸ್ವರವೂ ಏರಿತು.

"ಈ ಫ್ಲೋರಲ್ಲಿ ಲೈಟು ಸ್ವಲ್ಪ ಡಲ್. ಮೊನ್ನೆ ಮೀಟಿಂಗಲ್ಲಿ ನಾನು ಜೋರು ಮಾಡಿದೆ," ಎಂದ.

ಗಿಳಿಗಳ ಅಂಗಡಿಯೆದುರು ಭವಿತ್ ನಿಂತ. ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಟೋಮೀ, ಆ ವಿಷಯ. ಬಯೋಡಾಟ ಇದ್ರಲ್ಲಿ ಉಂಟು. ನೀನು ಒಂದು ಮಾತು ಹೇಳಿದ್ರೆ ಆಗ್ತದೆ. ಜನ ಪ್ರಾಮಾಣಿಕ, ಅದಕ್ಕೆ ನಾನು ಗ್ಯಾರಂಟಿ."

ಟೋಮಿ ಫೈಲು ತೆರೆಯಲಿಲ್ಲ. ತೆರೆಯದೆ ಕಂಕುಳಿಗೆ ಸೇರಿಸುವುದೇ ದೊಡ್ಡವರ ಲಕ್ಷಣ. "ನೋಡುವಾ," ಎಂದ. "ಈಗ ವೇಕೆನ್ಸಿ ಕಷ್ಟ. ಆದ್ರೂ ನೋಡುವಾ." ಭವಿತನ ಮುಖ ಅರಳಿತು. ಟೋಮಿ ಅದನ್ನು ನೋಡದವನ ಹಾಗೆ ಬಲಕ್ಕೆ ತಿರುಗಿ, ಎಂಟನೇ ಮರದ ಕಡೆಗೆ ನಡೆದ.

ಐವತ್ತು ಹೆಜ್ಜೆ ಹೋಗಿರಬೇಕು. ಹಿಂದಿನಿಂದ ಕೋಟು ಎಳೆದ ಹಾಗಾಯಿತು.

"ಸರ್," ಎಂದ ಬಿಬಿನ್. ಅವನ ತುಟಿ ಬಿಳಿಚಿತ್ತು. "ಸರ್, ಎಲ್ಸಾ ಇಲ್ಲ."

"ಇಲ್ಲ ಅಂದ್ರೆ?"

"ಗಿಳಿ ನೋಡ್ತಾ ಇದ್ಳು. ನಾನು ಈ ಕಡೆ ಬಂದೆ. ಹಿಂದೆ ಬರ್ತಾಳೆ ಅಂತ… ಪಪ್ಪಾ, ಅವಳು ಇಲ್ಲ."

ಶುಕ್ರವಾರ ಸಂಜೆಯ ಆ ಮಾಲ್‌ನಲ್ಲಿ ಕಡಬದ ಸಂತೆಯಂಥ ಇಪ್ಪತ್ತು ಸಂತೆಗಳ ಜನವಿತ್ತು. ಟೋಮಿ ಓಡಿದ. ಗಿಳಿಯಂಗಡಿಯೊಳಗೆ ಇಲ್ಲ. ಪಂಜರಗಳ ಹಿಂದೆ ಇಲ್ಲ. ಪಕ್ಕದ ಆಟಿಕೆಯ ಅಂಗಡಿಯಲ್ಲೂ ಇಲ್ಲ. ಕೋಟಿನ ಗುಂಡಿ ಹಾರಿ ಎಲ್ಲೋ ಬಿತ್ತು. "ಎಲ್ಸಾ!" ಎಂದು ಕೂಗಿದ. ಅದು ಯಾರ ಸ್ವರವೂ ಆಗಿರಲಿಲ್ಲ, ಅವನದೇ, ಒಡೆದು ಚೂರಾದ ಸ್ವರ. ಗುಲಾಬಿ ಫ್ರಾಕಿನ ಮಗುವೊಂದನ್ನು ಭುಜ ಹಿಡಿದು ತಿರುಗಿಸಿದ; ಬೇರೆ ಮಗು, ಅದರ ತಾಯಿ ಬೆದರಿ ಎಳೆದುಕೊಂಡಳು. ಕೆಳಗೆ ಎಸ್ಕಲೇಟರುಗಳು ತಮ್ಮ ಪಾಡಿಗೆ ಜನರನ್ನು ನುಂಗುತ್ತಾ ಉಗುಳುತ್ತಾ ಇದ್ದವು. ಅವುಗಳ ಮೆಟ್ಟಿಲಿನ ಹಲ್ಲುಗಳು ಅವನಿಗೆ ಅಂದು ಮೊದಲ ಬಾರಿ ಕಂಡವು.

ಬಿಬಿನನ ಕೈ ಹಿಡಿದು ಓಡಿ ಅಸ್ಕರ್‌ನ ಬಳಿಗೆ ಬಂದ. ಭವಿತ್ ಹಿಂದೆಯೇ ಓಡಿ ಬಂದ.

"ಅಸ್ಕರಾಕ, ಎಲ್ಸಾ ಕಾಣುದಿಲ್ಲ. ಮೈಕಲ್ಲಿ ಹೇಳಿಸಿ."

ಅಸ್ಕರ್ ವಾಕಿಟಾಕಿ ಬಾಯಿಗೆ ಹಿಡಿದವನು ಒಂದು ಗಳಿಗೆ ತಡೆದ. ಭವಿತನನ್ನು ನೋಡಿದ, ಟೋಮಿಯನ್ನು ನೋಡಿದ, ಸ್ವರ ತಗ್ಗಿಸಿದ. "ಮೈಕಿಗೆ ಮ್ಯಾನೇಜರೇ ಬರ್ಬೇಕು ಮಾರಾಯ. ಅವರು ಇಲ್ಲಿಗೇ ಬರ್ತಾರೆ. ನಿನ್ನ ಗೆಳೆಯನನ್ನು ಒಂಚೂರು ಆಚೆ ಕಳಿಸುದಾ?"

ಎರಡು ವರ್ಷ ಕಾಪಾಡಿದ ಹುದ್ದೆ, ಇಗರ್ಜಿಯ ಬೆಂಚು, ಚಾಚನ್‌ನ ಕತ್ತು, ಎಲ್ಲ ಕಣ್ಣ ಮುಂದೆ ಬರಬೇಕಿತ್ತು. ಬಂದದ್ದು ಎಲ್ಸಾಳ ಎಡಗಾಲಿನ ಚಪ್ಪಲಿ ಮಾತ್ರ. ಅದರ ಪಟ್ಟಿ ಸಡಿಲವಾಗಿತ್ತು, ಬೆಳಿಗ್ಗೆ ಹೊಲಿಯಬೇಕೆಂದಿದ್ದ, ಕೋಟಿನ ಗಡಿಬಿಡಿಯಲ್ಲಿ ಮರೆತಿದ್ದ.

"ಕರೀರಿ!" ಎಂದು ಕಿರುಚಿದ. "ಯಾರನ್ನು ಬೇಕಾದ್ರೂ ಕರೀರಿ!"

ಬೂದು ಸೂಟು ಬಂತು. ಅವಸರದಲ್ಲಿ ಬಂದರೂ ಕೈ ಹಿಂದೆಯೇ ಕಟ್ಟಿತ್ತು. ಟೋಮಿಯನ್ನು ಕಂಡೊಡನೆ ಆ ಮನುಷ್ಯನ ಮುಖದಲ್ಲಿ ಪರಿಚಯ ಮೂಡಿತು. ಅರಬ್ಬಿ ಬೆರೆತ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅಸ್ಕರ್ ಮುಖ ಕೆಳಗೆ ಹಾಕಿದ.

"ಎಂತ ಹೇಳಿದ್ರು ಅವರು?" ಎಂದ ಭವಿತ್. ಅವನಿಗೆ ಅರ್ಥವಾಗಿತ್ತು, ನಂಬಿಕೆಯಾಗಿರಲಿಲ್ಲ.

"ಓ ಇವರಾ, ದಿನಾ ಮಕ್ಕಳನ್ನು ಕರ್ಕೊಂಡು ಬರುವ ಅಪ್ಪ ಅಲ್ವಾ, ಅಂತ," ಎಂದ ಟೋಮಿ. "ಅವರೇ ಮ್ಯಾನೇಜರ್. ನಾನು ಎಂತದೂ ಅಲ್ಲ ಭವಿತ್. ಜೋಳಿ ದುಡೀತಾಳೆ, ನಾನು ಮಕ್ಕಳನ್ನು ನೋಡಿಕೊಳ್ಳುದು. ಈಗ ಅದೂ ಇಲ್ಲ, ಕಾಣ್ತದಲ್ಲ."

ಮಗುವಿನ ಹೆಸರು, ವಯಸ್ಸು, ಬಟ್ಟೆಯ ಬಣ್ಣ ಬರೆದುಕೊಂಡು ಮ್ಯಾನೇಜರ್ ಮೈಕಿನ ಕೋಣೆಗೆ ಹೊರಟ. ಟೋಮಿ ಮತ್ತೆ ಮೇಲೆ ಓಡಲು ತಿರುಗಿದಾಗ ಬಿಬಿನ್ ಕೈ ಜಗ್ಗಿದ.

"ಪಪ್ಪಾ. ನಾವು ಇವತ್ತು ಉಲ್ಟಾ ಹೋದ್ದು."

"ಎಂತದು?"

"ಗಿಳಿ ಆದ ಮೇಲೆ ಎಡಕ್ಕೆ. ಹತ್ತನೇ ಮರ. ನೀವು ಬಲಕ್ಕೆ ಹೋದ್ರಿ. ಅವಳು ಎಡಕ್ಕೆ ಹೋಗಿರ್ತಾಳೆ."

"ಆಟಿಕೆ ಅಂಗಡಿ ನೋಡಿದೆ ನಾನು, ಅಲ್ಲಿ ಇಲ್ಲ!"

"ಈಗ ಅಲ್ಲಿ ಎಂತಕ್ಕೆ ಇರ್ತಾಳೆ? ಸುತ್ತು ಮುಗಿದ ಮೇಲೆ ಹಾಲು ಎತ್ಲಿಕ್ಕೆ ಎಲ್ಲಿಗೆ ಹೋಗುದು?"

ಟೋಮಿ ಮಗನ ಮುಖ ನೋಡಿದ. ಆಮೇಲೆ ಓಡಿದ. ಎಷ್ಟು ಓಡಿದನೆಂದರೆ, ಅತ್ತರಿನ ಅಂಗಡಿಯವಳು ದಿನದ ಅಭ್ಯಾಸಬಲದಿಂದ ಒಂದು ತೊಟ್ಟು ಸಿಂಪಡಿಸಿದ್ದು ಅವನ ಬೆನ್ನಿಗೆ ಬಿತ್ತು.

ಹಿಂಬಾಗಿಲಿನ ಪ್ಲಾಸ್ಟಿಕ್ ಖರ್ಜೂರದ ಮರಕ್ಕೆ ಒರಗಿ ಎಲ್ಸಾ ನಿಂತಿದ್ದಳು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ. ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು.

"ಸರ್, ಎಷ್ಟು ಹೊತ್ತು ಕಾಯುದು?"

ಟೋಮಿ ಅಲ್ಲೇ ನೆಲಕ್ಕೆ ಕುಸಿದು ಅವಳನ್ನು ಎದೆಗೆ ಒತ್ತಿಕೊಂಡ. ಮೇಲಿನಿಂದ ಮೈಕು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಅವಳ ಹೆಸರನ್ನು ಮೂರು ಮಹಡಿಗೂ ಸಾರುತ್ತಿತ್ತು.

"ಪಪ್ಪಾ, ನನ್ನ ಹೆಸರು!" ಎಂದಳು ಎಲ್ಸಾ ಬೆರಗಿನಿಂದ. ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಈಗ ಪಪ್ಪಾ ಅಂತ ಕರೀಬಹುದಾ?"

"ಕರಿ," ಎಂದ ಟೋಮಿ. "ಜೋರಾಗಿ ಕರಿ."

ಇಪ್ಪತ್ತೆರಡನೇ ಮರದ ಮೇಜಿನಲ್ಲಿ ನಾಲ್ವರೂ ಕೂತರು. ಗುಂಡಿಯಿಲ್ಲದ ಕೋಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಟೋಮಿ ಬ್ಯಾಗಿನೊಳಗೆ ಡಬ್ಬಿ ತೆರೆದು ಚಪಾತಿ ಸುತ್ತಿ ಮಕ್ಕಳಿಗೆ ಕೊಟ್ಟ, ಒಂದನ್ನು ಮೇಜಿನ ಅಡಿಯಿಂದ ಭವಿತನಿಗೂ ದಾಟಿಸಿದ. ಭವಿತ್ ತಿನ್ನದೆ ಅದನ್ನು ಹಿಡಿದುಕೊಂಡಿದ್ದ.

"ಆ ಫೈಲು ಕೊಡು," ಎಂದ.

ಓಟದಲ್ಲೂ ಫೈಲು ಕಂಕುಳಿನಿಂದ ಬಿದ್ದಿರಲಿಲ್ಲ, ಬೆವರಿಗೆ ಅಂಟಿಕೊಂಡಿತ್ತು. ಕೊಡುವಾಗ ಟೋಮಿ ಮೊದಲ ಬಾರಿ ಅದನ್ನು ತೆರೆದು ನೋಡಿದ. ಮೇಲಿನ ಹಾಳೆಯಲ್ಲಿ ಭವಿತನ ಫೋಟೋ ಇತ್ತು.

"ನಿನಗೇನಾ ಕೆಲಸ?"

"ಮತ್ತೆ ಯಾರಿಗೆ? ಹೆಂಡತಿಗೆ ಇಲ್ಲಿ ಆಸ್ಪತ್ರೆಯಲ್ಲಿ ಸಿಕ್ಕಿತು. ನಾನು ಬರುದಿಲ್ಲ ಅಂದೆ. ಸುಳ್ಯದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತಲ್ಲ ನಂದು. ಅದನ್ನು ಬಿಟ್ಟು ಕುವೈತಿಗೆ ಹೋಗಿ ಮನೆಯಲ್ಲಿ ಕೂರುದಾ ಅಂತ ಕೇಳಿದೆ. ಅವಳು ಎಂತ ಹೇಳಿದ್ಳು ಗೊತ್ತುಂಟಾ? 'ಟೋಮಿಯಣ್ಣನನ್ನು ನೋಡಿ. ಅವರೂ ಫ್ಯಾಮಿಲಿ ವೀಸಾದಲ್ಲೇ ಹೋದದ್ದು, ಈಗ ಮ್ಯಾನೇಜರ್.' ಎರಡು ವರ್ಷ ಮಾರಾಯ! ಬೆಳಿಗ್ಗೆ ಟೋಮಿ, ರಾತ್ರಿ ಟೋಮಿ. ಕಡೆಗೆ ಅಂಗಡಿ ಬಾಗಿಲು ಹಾಕಿ ಬಂದೆ. ನಿನ್ನನ್ನು ನಂಬಿ."

ಟೋಮಿಗೆ ತಮಾಷೆ ಮಾಡಲು ಯಾರ ಸ್ವರವೂ ಸಿಗಲಿಲ್ಲ. ಗಂಟಲಿನ ಬಿಡಾರಗಳೆಲ್ಲ ಖಾಲಿಯಾಗಿದ್ದವು.

"ತಪ್ಪಾಯ್ತು," ಎಂದ.

"ತಪ್ಪಾಯ್ತು ಅಂತ ನನ್ನ ಕಿವಿಗೆ ಹೇಳಿದ್ರೆ ಆಯ್ತಾ? ಇನ್ನು ನಾಳೆ ಬೇರೆ ಯಾರಾದ್ರೂ ನಿನ್ನನ್ನು ನಂಬಿ ಹೊರಡ್ಬಾರ್ದು. ಗ್ರೂಪಿಗೆ ಹೇಳು. ಈಗ. ನನ್ನೆದುರು."

ಟೋಮಿ ಫೋನು ತೆಗೆದು ಕ್ಲಾಸಿನ ಗ್ರೂಪು ತೆರೆದ. ಮೈಕಿನ ಗುರುತು ಒತ್ತಿ ಹಿಡಿದು, ಕೆಮ್ಮಿ, "ಪ್ರಿಯ ವಿದ್ಯಾರ್ಥಿಗಳೇ…" ಎಂದು ಶುರುಮಾಡಿದ.

"ಪ್ರಿನ್ಸಿಪಾಲ್ ಬೇಡ," ಎಂದ ಭವಿತ್. "ನೀನು ಹೇಳು."

ಎರಡನೇ ಸಲ ಅರ್ಧದಲ್ಲಿ ಕಂಡಕ್ಟರ್ ಹತ್ತಿಕೊಂಡ. ಮೂರನೇ ಸಲ ಟೋಮಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದ: "ನಾನು ಟೋಮಿ. ನನಗೆ ಕುವೈತಲ್ಲಿ ಕೆಲಸ ಇಲ್ಲ. ಮಾಲಲ್ಲಿ ಸೂಪರ್‌ವೈಸರ್ ಅಂತ ಹೇಳಿದ್ದು ಸುಳ್ಳು. ಜೋಳಿ ದುಡೀತಾಳೆ. ನಾನು ಮಕ್ಕಳನ್ನು ಮಾಲಿಗೆ ಕರ್ಕೊಂಡು ಬಂದು ತಿರುಗಿಸುದು. ಇವತ್ತು ಒಬ್ಬಳನ್ನು ಕಳ್ಕೊಂಡು ಮತ್ತೆ ಸಿಕ್ಕಿದ್ಳು. ಅಷ್ಟೇ." ಕೈ ಬಿಟ್ಟ, ಹೋಯಿತು.

ಇದೇ ಮಾತನ್ನು ಇನ್ನೊಬ್ಬರಿಗೆ ಹೇಳುವುದಿತ್ತು. ಮೇಜಿನಿಂದ ಎದ್ದು, ನೀರಿನ ಯಂತ್ರದ ಹತ್ತಿರ ಗೋಡೆಗೆ ಮುಖ ಮಾಡಿ ಚಾಚನ್‌ಗೆ ಫೋನು ಮಾಡಿದ. ಎಲ್ಲವನ್ನೂ ಹೇಳಿ ಮುಗಿಸಿದ. ಆ ಕಡೆ ಅಂಗಳದಲ್ಲಿ ನಾಯಿ ಬೊಗಳುತ್ತಿತ್ತು.

"ಎಲ್ಸಾಗೆ ಪೆಟ್ಟಾಗ್ಲಿಲ್ಲ ಅಲ್ಲ?" ಎಂದರು ಚಾಚನ್.

"ಇಲ್ಲ ಚಾಚಾ."

"ಎಲ್ಲಿದ್ಳು?"

"ಒಂದನೇ ಮರದ ಹತ್ರ." ಟೋಮಿ ಆ ಇಪ್ಪತ್ತೆರಡು ಮರಗಳ ಕತೆ ಹೇಳಿದ. ಇಂದು ಉಲ್ಟಾ ಹೋದದ್ದನ್ನೂ ಹೇಳಿದ.

"ಉಲ್ಟಾ ಹೋದ್ದಾ?" ಚಾಚನ್‌ನ ಸ್ವರ ಏರಿತು. ಕೆಲಸವಿಲ್ಲ ಎಂದಾಗ ಏರದಿದ್ದದ್ದು. "ನಾಲ್ಕನೇ ಕ್ಲಾಸಲ್ಲಿ ಇರುವಾಗಲೇ ಕಲಿಸಿದ್ದೆ ನಿನಗೆ. ಮುನ್ನೂರು ಮರ ಗೀರಿದವನು ನೀನು! ಉಲ್ಟಾ ಹೋಗುದಾ?" ಎಂದು ಫೋನಿಟ್ಟರು. ಅವರ ಕತ್ತು ಬಗ್ಗಿತೋ ನೆಟ್ಟಗಿತ್ತೋ, ಫೋನಿನಲ್ಲಿ ಗೊತ್ತಾಗಲಿಲ್ಲ.

ಮೇಜಿಗೆ ಮರಳಿದಾಗ ಭವಿತ್ ಚಪಾತಿ ತಿಂದು ಮುಗಿಸಿದ್ದ. ಗ್ರೂಪಿನಲ್ಲಿ ಮೊದಲ ಉತ್ತರ ಬಂದಿತ್ತು: "ಹಾಗಾದ್ರೆ ಅಡುಗೆ ಯಾರು ಮಾಡುದು?" ಎರಡನೆಯದು: "ಮಿಮಿಕ್ರಿ ಸೂಪರ್ ಟೋಮಿ, ಇದು ಯಾರ ಸ್ವರ? ಗೊತ್ತೇ ಆಗ್ಲಿಲ್ಲ."

ಭವಿತ್ ನಗಲಿಲ್ಲ. ಆದರೆ ಎರಡನೆಯದನ್ನು ಎರಡು ಸಲ ಓದಿದ.

"ನಿನ್ನ ಮಗುವಿಗೆ ಎಷ್ಟು ಪ್ರಾಯ?" ಎಂದು ಕೇಳಿದ ಟೋಮಿ.

"ತನ್ಮಯೀಗೆ ಎರಡು. ಹಗಲಿಡೀ ಕೂಗ್ತಾಳೆ ಮಾರಾಯ. ಹೊರಗೆ ಕರ್ಕೊಂಡು ಹೋಗುವಾ ಅಂದ್ರೆ ಬೆಂಕಿ ಬಿಸಿಲು. ಎಂತ ಮಾಡುದು ಅಂತ ಗೊತ್ತಾಗುದಿಲ್ಲ."

"ನಾಳೆ ನಾಲ್ಕು ಗಂಟೆಗೆ ಕರ್ಕೊಂಡ್ ಬಾ. ಮುಂಬಾಗಿಲು ಅಲ್ಲ, ಹಿಂಬಾಗಿಲು. ಅಲ್ಲೊಂದು ಪ್ಲಾಸ್ಟಿಕ್ ಮರ ಉಂಟು, ಅದೇ ನಮ್ಮ ಒಂದನೇ ಮರ. ಎರಡು ಜೊತೆ ಬಟ್ಟೆ ಇಟ್ಕೊ, ಡಬ್ಬಿ ಬ್ಯಾಗಿನ ಅಡಿಯಲ್ಲಿರ್ಲಿ, ಮೇಲೆ ಟವೆಲು."

"ನಾನು ಬರುದಿಲ್ಲ," ಎಂದು ಫೈಲು ಎತ್ತಿಕೊಂಡು ಭವಿತ್ ಎದ್ದುಹೋದ.

ಪಾಳಿ ಮುಗಿಸಿ ಬಂದ ಜೋಳಿಗೆ ಮಕ್ಕಳೇ ಎಲ್ಲವನ್ನೂ ಹೇಳಿದರು. ಅವಳು ಮೊದಲು ಎಲ್ಸಾಳ ಕಾಲು, ಕೈ, ತಲೆ ಮುಟ್ಟಿ ನೋಡಿದಳು. ಆಮೇಲೆ ಟೋಮಿಯನ್ನು ಬಯ್ದಳು. ಅದಕ್ಕೆ ಸ್ವಲ್ಪ ಸಮಯ ಹಿಡಿಯಿತು. ಕೊನೆಗೆ ಕೋಟನ್ನು ಕಪಾಟಿನೊಳಗೆ ತೂಗಿಸುತ್ತಾ, "ಮ್ಯಾನೇಜರ್ ಸುಳ್ಳು ನನಗೆ ಹೋದ ವರ್ಷವೇ ಗೊತ್ತಿತ್ತು," ಎಂದಳು. "ನನ್ನ ಅಮ್ಮ ಫೋನಲ್ಲಿ ಹೇಳಿದ್ರು. ನಾನೂ ಅಲ್ಲ ಅಂತ ಹೇಳ್ಲಿಲ್ಲ. ಕೇಳ್ಲಿಕ್ಕೆ ಚಂದ ಇತ್ತು."

ಮರುದಿನ ನಾಲ್ಕಕ್ಕೆ ಟೋಮಿ, ಬಿಬಿನ್, ಎಲ್ಸಾ ಹಿಂಬಾಗಿಲಿನಿಂದ ಒಳಗೆ ಬಂದರು. ಎಲ್ಸಾಳ ಚಪ್ಪಲಿಗೆ ಹೊಲಿಗೆ ಬಿದ್ದಿತ್ತು. ಖರ್ಜೂರದ ಮರದ ಹತ್ತಿರ ಯಾರೂ ಇರಲಿಲ್ಲ. ಐದು ನಿಮಿಷ ನಿಂತರು. ಹತ್ತು ನಿಮಿಷ ನಿಂತರು.

"ಹೋಗುವಾ ಪಪ್ಪಾ," ಎಂದ ಬಿಬಿನ್.

ಆಗ ಗಾಜಿನ ಬಾಗಿಲು ತೆರೆಯಿತು. ಮೊದಲು ಒಳಗೆ ಬಂದದ್ದು ಕೂಗು. ಅದರ ಹಿಂದೆ ತಳ್ಳುಗಾಡಿಯಲ್ಲಿ ಮುಖವೆಲ್ಲ ಕೆಂಪಾದ ಎರಡರ ಮಗು. ಅದರ ಹಿಂದೆ, ಬೆವರಿನಲ್ಲಿ ಮಿಂದ ಭವಿತ್. ಅವನು ಟೋಮಿಯ ಮುಖ ನೋಡಲಿಲ್ಲ. ಎಲ್ಸಾಳನ್ನು ಕೇಳಿದ:

"ಇದು ಒಂದನೇ ಮರವಾ ಪುಟ್ಟ?"

"ಹೌದು," ಎಂದಳು ಎಲ್ಸಾ. "ಇಲ್ಲಿಂದ ಎಡಕ್ಕೆ. ನನ್ನ ಹಿಂದೆ ಬನ್ನಿ. ಪಪ್ಪನ ಹಿಂದೆ ಹೋಗ್ಬೇಡಿ, ಅವರು ಉಲ್ಟಾ ಹೋಗುದು."